ಬಡವರಿಗೆ ಸಣ್ಣ ಸಾಲ ಕೊಟ್ಟರೆ ಬಡತನ ಕಳೆಯುತ್ತದೆಯೇ? ಪರ ಮತ್ತು ವಿರೋಧ

ಮುಂಬೈಯ ಕನ್ನಡಿಗರನ್ನು ಸಾಲದ ಬಗ್ಗೆ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಕರಾವಳಿಯಿಂದ ಬಂದು ಎರಡು ಮೂರು ತಲೆಮಾರು ಕಳೆದ ಮನೆಗಳ ಹಿರಿಯರು, "ಸೊಸೈಟಿಯ ಸಾಲ ಸಿಕ್ಕಿದ್ದರಿಂದ ನಾವು ಇಲ್ಲಿ ನೆಲೆ ನಿಂತೆವು" ಅನ್ನುತ್ತಾರೆ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುವವರು ಹೇಳುವುದು ಬೇರೆ: "ಊರಾಗಿನ ಸಾಲ ಮುಟ್ಟಿಸಾಕ ಇಲ್ಲಿಗೆ ಬಂದೇವ್ರಿ." ಇಬ್ಬರ ಮಾತೂ ಸುಳ್ಳಲ್ಲ.

ಇಲ್ಲಿ ಮಾತು ಮೈಕ್ರೋಫೈನಾನ್ಸ್ ಬಗ್ಗೆ, ಅಂದರೆ ಅಡವಿಲ್ಲದೆ, ಗುಂಪಿನ ಜಾಮೀನಿನ ಮೇಲೆ, ಹೆಚ್ಚಾಗಿ ಹೆಂಗಸರಿಗೆ ಕೊಡುವ ಸಣ್ಣ ಸಾಲ. ಊರಿನಲ್ಲಿ ಇದು ಸಂಘದ ಸಾಲ. ಮುಂಬೈಯಲ್ಲಿ ಕೆಲವರು ಬಚತ್ ಗಟದಿಂದ, ಅಂದರೆ ಉಳಿತಾಯದ ಗುಂಪಿನಿಂದ, ತೆಗೆಯುತ್ತಾರೆ, ಕೆಲವರು ಫೈನಾನ್ಸ್ ಕಂಪನಿಯಿಂದ. ಬಾಂಗ್ಲಾದೇಶದಿಂದ ಬೊಲಿವಿಯಾದವರೆಗೆ ಬಡತನಕ್ಕೆ ಇದೇ ಪರಿಹಾರ ಅಂತ ನಂಬಿದ ಕಾಲ ಒಂದಿತ್ತು. ಆ ನಂಬಿಕೆ ನಿಲ್ಲುತ್ತದೆಯೇ? ಎರಡೂ ಪಕ್ಷವನ್ನು ನಾನೇ ಬರೆದಿದ್ದೇನೆ, ಒಂದೊಂದನ್ನೂ ಅದನ್ನು ನಂಬಿದವರ ಹಾಗೆಯೇ ವಾದಿಸಿದ್ದೇನೆ. ನನ್ನ ಒಲವು ಯಾವ ಕಡೆಗೆ ಅಂತ ಓದುತ್ತಾ ಗೊತ್ತಾಗಿಯೇ ಆಗುತ್ತದೆ, ಅದನ್ನು ಮುಚ್ಚಿಡುವ ಆಸೆಯೇನೂ ಇಲ್ಲ.

ಪರ: ಸಾಲ ಸಿಗಲಿ, ನ್ಯಾಯವಾದ ದರಕ್ಕೆ ಸಿಗಲಿ

ಬಡವರಿಗೆ ಸಾಲದ ರುಚಿ ಹಚ್ಚಬೇಡಿ ಅನ್ನುವವರು ಸಾಮಾನ್ಯವಾಗಿ ಸಂಬಳದವರು. ಬಡವರು ಈಗಾಗಲೇ ಸಾಲದಲ್ಲೇ ಇದ್ದಾರೆ ಅನ್ನುವುದು ಅವರಿಗೆ ಕಾಣುವುದಿಲ್ಲ. ಕಿರಾಣಿ ಅಂಗಡಿಯ ಉದ್ರಿ, ಕೂಲಿ ಮೇಸ್ತ್ರಿ ಮುಕಾದಮನ ಮುಂಗಡ, ಗಿರವಿ ಇಟ್ಟ ಮಂಗಳಸೂತ್ರ, ಓಣಿಯ ಬಡ್ಡಿ ವ್ಯಾಪಾರಿಯ ಕೈಗಡ, ಎಲ್ಲವೂ ಸಾಲವೇ. ಹಾಗಾಗಿ ಸಾಲ ಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಅರ್ಥವಿಲ್ಲ. ಯಾರಿಂದ, ಎಷ್ಟು ಬಡ್ಡಿಗೆ ಅನ್ನುವುದನ್ನು ಕೇಳಬೇಕು.

ಸ್ವಲ್ಪ ಲೆಕ್ಕ ಮಾಡೋಣ. ಒಬ್ಬ ಹೆಂಗಸಿಗೆ 30,000 ರೂಪಾಯಿ ಬೇಕು. ಬಡ್ಡಿ ವ್ಯಾಪಾರಿ ನೂರಕ್ಕೆ ತಿಂಗಳಿಗೆ ಐದರಂತೆ ಕೊಡುತ್ತಾನೆ ಅನ್ನಿ. ತಿಂಗಳಿಗೆ ಬಡ್ಡಿಯೇ 1,500 ಆಯಿತು. ಎರಡು ವರ್ಷ ತಪ್ಪದೆ ಕಟ್ಟಿದರೆ 36,000. ಅಷ್ಟಾದರೂ ಅಸಲು 30,000 ಹಾಗೆಯೇ ನಿಂತಿರುತ್ತದೆ. ಅದೇ ಹಣವನ್ನು ವರ್ಷಕ್ಕೆ ನೂರಕ್ಕೆ 24ರ ದರದಲ್ಲಿ, ಇಳಿಯುವ ಅಸಲಿನ ಮೇಲೆ, ಮೈಕ್ರೋಫೈನಾನ್ಸ್ ಕಂಪನಿಯಿಂದ ತೆಗೆದರೆ ತಿಂಗಳ ಕಂತು ಸುಮಾರು 1,586. ಎರಡು ವರ್ಷಕ್ಕೆ ಸಾಲ ಪೂರ್ತಿ ಮುಗಿಯಿತು. ತಿಂಗಳಿಗೆ ಜಾಸ್ತಿ ಕೊಟ್ಟದ್ದು ಬರೀ 86 ರೂಪಾಯಿ. ಈ ಲೆಕ್ಕವನ್ನು ಯಾವ ಹೆಂಗಸಿಗೂ ಕಲಿಸಬೇಕಾಗಿಲ್ಲ, ಆಕೆಗೆ ಬಾಯಿಪಾಠ ಇರುತ್ತದೆ.

ನೂರಕ್ಕೆ 24 ಜಾಸ್ತಿ ಆಯಿತು, ಮನೆ ಸಾಲ ಅದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದಲ್ಲ ಅನ್ನಬಹುದು. ನಿಜ. ಆದರೆ 30 ಲಕ್ಷದ ಒಂದು ಸಾಲಕ್ಕೂ 30,000ದ ಒಂದು ಸಾಲಕ್ಕೂ ಕಾಗದಪತ್ರದ ಕೆಲಸ ಹೆಚ್ಚುಕಡಿಮೆ ಒಂದೇ. ಅದರ ಮೇಲೆ ಪ್ರತಿ ವಾರವೋ ತಿಂಗಳೋ ಒಬ್ಬ ಹುಡುಗ ಬೈಕಿನಲ್ಲಿ ಬಂದು, ಗುಂಪು ಕೂರಿಸಿ, ಕಂತು ಎಣಿಸಿಕೊಂಡು ಹೋಗಬೇಕು. ಅಡವಿಲ್ಲ, ಸಂಬಳದ ಚೀಟಿಯಿಲ್ಲ. ಅಷ್ಟು ಖರ್ಚು ಯಾರಾದರೂ ಭರಿಸಬೇಕಲ್ಲ? ಬ್ಯಾಂಕುಗಳು ಇಷ್ಟು ವರ್ಷ ಈ ಜನರ ಹತ್ತಿರ ಸುಳಿಯದಿದ್ದದ್ದೂ ಈ ಖರ್ಚಿಗೆ ಹೆದರಿಯೇ.

ಈ ಹೆದರಿಕೆಯನ್ನು ಮುರಿದವರಲ್ಲಿ ದೊಡ್ಡ ಹೆಸರು ಬಾಂಗ್ಲಾದೇಶದ ಅರ್ಥಶಾಸ್ತ್ರದ ಮೇಷ್ಟ್ರು ಮುಹಮ್ಮದ್ ಯೂನುಸ್. 1976ರಲ್ಲಿ ಚಿತ್ತಗಾಂಗ್ ಹತ್ತಿರದ ಜೋಬ್ರಾ ಎಂಬ ಹಳ್ಳಿಯಲ್ಲಿ 42 ಜನರ ಒಟ್ಟು ಸಾಲ ಲೆಕ್ಕ ಹಾಕಿದರು. ಬಂದದ್ದು 856 ಟಾಕಾ. ಬಿದಿರಿನ ಮೋಡಾ (ಕೂರುವ ಸ್ಟೂಲು) ಹೆಣೆಯುವ ಹೆಂಗಸರಿಗೆ ಬಿದಿರು ಕೊಳ್ಳಲು ಹಣ ಕೊಡುತ್ತಿದ್ದವನೇ ಮೋಡಾ ಕೊಳ್ಳುವವನು. ಬೆಲೆಯೂ ಅವನದೇ. ಆ ಚಿಲ್ಲರೆ ಹಣ ಬೇರೆ ಕಡೆ ಸಿಕ್ಕ ಕೂಡಲೇ ಸರಕನ್ನು ತಮಗೆ ಬೇಕಾದವರಿಗೆ ಮಾರಬಹುದಾಯಿತು. ಯೂನುಸ್ ಆ ಹಣವನ್ನು ತಮ್ಮ ಜೇಬಿನಿಂದ ಕೊಟ್ಟರು. 1983ರಲ್ಲಿ ಅದೇ ಪ್ರಯೋಗ ಗ್ರಾಮೀಣ ಬ್ಯಾಂಕ್ ಆಯಿತು. 2006ರಲ್ಲಿ ಬ್ಯಾಂಕಿಗೂ ಅವರಿಗೂ ಸೇರಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಅದಕ್ಕೂ ಮೊದಲೇ, 1974ರಲ್ಲಿ, ಅಹಮದಾಬಾದಿನಲ್ಲಿ ಇಳಾ ಭಟ್ ಅವರ ‘ಸೇವಾ’ ಎಂಬ, ಸ್ವಂತ ದುಡಿಮೆಯ ಹೆಂಗಸರ ಸಂಘದ 4,000 ಸದಸ್ಯೆಯರು ತಲೆಗೆ ಹತ್ತು ಹತ್ತು ರೂಪಾಯಿ ಹಾಕಿ ಸ್ವಂತ ಬ್ಯಾಂಕ್ ಕಟ್ಟಿದ್ದರು. ನಮ್ಮ ಕರ್ನಾಟಕದ ಪಾಲೂ ಸಣ್ಣದಲ್ಲ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ಉಳಿತಾಯದ ಗುಂಪುಗಳನ್ನು ಕಟ್ಟಿತು. 1987ರಲ್ಲಿ ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ ಅದಕ್ಕೆ 10 ಲಕ್ಷ ಕೊಟ್ಟಿತು. ಆ ಅನುಭವದ ಬಲದ ಮೇಲೆ 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಇವತ್ತಿನ ಸ್ವಸಹಾಯ ಸಂಘಗಳ ದೊಡ್ಡ ಸಂಸಾರ ಬೆಳೆದದ್ದು ಅಲ್ಲಿಂದ.

ಮುಂಬೈಯ ಕಥೆ ಇನ್ನೂ ಹಳೆಯದು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು. ಎರಡೇ ವರ್ಷಕ್ಕೆ, 1906ರಲ್ಲಿ, ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರು ಉತ್ತರ ಕನ್ನಡದಿಂದ ಬಂದಿದ್ದ ತಮ್ಮ ಸಮಾಜದವರಿಗಾಗಿ, ಗುರು ಶಾಮರಾವ್ ವಿಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಾಲ ಸಂಘ ಕಟ್ಟಿದರು. ಈಗಿನ ಎಸ್‌ವಿಸಿ ಬ್ಯಾಂಕ್ ಅದೇ. 1978ರಲ್ಲಿ ಬಿಲ್ಲವರು ಭಾರತ್ ಬ್ಯಾಂಕ್ ಕಟ್ಟಿದರು. ದೊಡ್ಡ ಬ್ಯಾಂಕಿನ ಗಾಜಿನ ಬಾಗಿಲು ನೂಕಲು ಅಂಜುತ್ತಿದ್ದ ಜನ ಇಂಥ ಕೌಂಟರುಗಳಲ್ಲಿ ತುಳುವಿನಲ್ಲೋ ಕೊಂಕಣಿಯಲ್ಲೋ ಮಾತಾಡಿ ಸಾಲ ತೆಗೆದರು. ಅದರಿಂದ ಯಾರೂ ಮೇಲೆ ಬರಲಿಲ್ಲ ಅಂತ ಹೇಳುವ ಧೈರ್ಯ ಯಾರಿಗಿದೆ?

ಹಾಗೇ ಪ್ರೇಮಾ ಪುರವ. ಗೋವಾದಲ್ಲಿ ಹುಟ್ಟಿ, ಗೋವಾ ವಿಮೋಚನೆಯ ಹೋರಾಟ ಮಾಡಿ, ಮುಂಬೈಯ ಬಟ್ಟೆ ಗಿರಣಿಗಳ ಪ್ರದೇಶ ಗಿರಣಗಾಂವಿಗೆ ಬಂದವರು. ಅಲ್ಲಿ ಸಾವಿರಾರು ಹೆಂಗಸರು ಖಾನಾವಳಿ ನಡೆಸುತ್ತಿದ್ದರು. ಸಂಸಾರ ಊರಲ್ಲಿ ಬಿಟ್ಟು ಬಂದ ಗಿರಣಿ ಕಾರ್ಮಿಕರಿಗೆ ಎರಡು ಹೊತ್ತು ಅಡುಗೆ ಮಾಡಿ ಹಾಕುವುದು, ತಿಂಗಳ ಪಗಾರದ ದಿನ ಹಣ ತೆಗೆದುಕೊಳ್ಳುವುದು. ತಿಂಗಳು ಪೂರ್ತಿ ಅಕ್ಕಿ, ಬೇಳೆ, ಸೀಮೆಎಣ್ಣೆ ಉದ್ರಿ ತರಬೇಕು, ಆ ಉದ್ರಿಗೆ ಬಡ್ಡಿ ಕಟ್ಟಬೇಕು. ದುಡಿದದ್ದೆಲ್ಲ ಅಲ್ಲಿಗೇ ಹೋಗುತ್ತಿತ್ತು. ಪ್ರೇಮಾತಾಯಿ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ, ಈ ಹೆಂಗಸರನ್ನು ಗುಂಪು ಮಾಡಿ, ಬ್ಯಾಂಕಿನಿಂದ ಸಾಲ ಕೊಡಿಸಿದರು. ಗಮನಿಸಿ, ಜೋಬ್ರಾದ ಪ್ರಯೋಗಕ್ಕಿಂತ ಒಂದು ವರ್ಷ ಮೊದಲು! ಮುಂದೆ ಅವರ ಮಗಳು ಮೇಧಾ ಪುರವ ಸಾಮಂತ ಬ್ಯಾಂಕಿನ ಕೆಲಸ ಬಿಟ್ಟು ಪುಣೆಯಲ್ಲಿ ಇದೇ ಕೆಲಸ ಮಾಡಿದರು.

ಸಾತಾರಾ ಜಿಲ್ಲೆಯ ಮ್ಹಸವಡದ ಕಥೆಯಂತೂ ನನಗೆ ಬಹಳ ಇಷ್ಟ. ಅಲ್ಲಿನ ಹೆಂಗಸರಿಗಾಗಿ ಮುಂಬೈಯಲ್ಲಿ ಬೆಳೆದ ಚೇತನಾ ಸಿನ್ಹಾ ಬ್ಯಾಂಕ್ ತೆರೆಯಲು ಹೊರಟರು. ಸದಸ್ಯೆಯರಿಗೆ ಓದುಬರಹ ಬರುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ ಅರ್ಜಿಯನ್ನು ತಿರಸ್ಕರಿಸಿತು. ಹೆಂಗಸರು ಕೆಲವು ತಿಂಗಳು ಅಕ್ಷರ ಕಲಿತು ಮತ್ತೆ ಹೋದರು. ನಮಗೆ ಓದಲು ಬಾರದಿರಬಹುದು, ಬಡ್ಡಿ ಲೆಕ್ಕ ಬರುತ್ತದೆ, ನಿಮ್ಮ ಅಧಿಕಾರಿಗಳು ಕ್ಯಾಲ್ಕುಲೇಟರ್ ಇಲ್ಲದೆ ಮಾಡಲಿ, ನಾವೂ ಮಾಡುತ್ತೇವೆ, ಯಾರು ಮೊದಲು ಮುಗಿಸುತ್ತಾರೆ ನೋಡೋಣ ಅಂದರು. 1997ರಲ್ಲಿ ಮಾಣದೇಶಿ ಮಹಿಳಾ ಸಹಕಾರಿ ಬ್ಯಾಂಕ್ ಬಾಗಿಲು ತೆರೆಯಿತು.

ಇನ್ನು ಒಂದು ಆಕ್ಷೇಪ ಯಾವಾಗಲೂ ಬರುತ್ತದೆ. ವ್ಯಾಪಾರಕ್ಕೆ ಅಂತ ಸಾಲ ತೆಗೆದು ಮಗನ ಫೀಸಿಗೆ, ಮನೆ ತಗಡಿಗೆ, ಆಸ್ಪತ್ರೆಗೆ ಖರ್ಚು ಮಾಡುತ್ತಾರಂತೆ. ಮಾಡಲಿ! ಠಾಣೆಯ ಫ್ಲ್ಯಾಟಿನವರು ಫ್ರಿಜ್ಜನ್ನೂ ಫೋನನ್ನೂ ಇಎಂಐ ಮೇಲೆ ತರುತ್ತಾರೆ. ಅದರಿಂದ ಎಷ್ಟು ಆದಾಯ ಹುಟ್ಟಿತು ಅಂತ ಯಾರಾದರೂ ಕೇಳುತ್ತಾರಾ? ಮಳೆಗಾಲಕ್ಕೆ ಮುಂಚೆ ಸೂರು ಸರಿ ಮಾಡಿಸಿಕೊಂಡ ಹೆಂಗಸಿಗೆ ಮಾತ್ರ ಈ ಪರೀಕ್ಷೆ ಯಾಕೆ?

ಸಂಶೋಧನೆಗಳೂ ಪೂರ್ತಿ ವಿರುದ್ಧವಾಗಿಲ್ಲ. ಹೈದರಾಬಾದಿನ ಕೊಳೆಗೇರಿಗಳಲ್ಲಿ ನಡೆದ ಹೆಸರಾಂತ ಅಧ್ಯಯನದಲ್ಲಿ, ಸಾಲ ಬಂದ ಕಡೆ ಜನ ಹೊಲಿಗೆ ಯಂತ್ರದಂಥ ಬಾಳಿಕೆಯ ವಸ್ತುಗಳಿಗೆ ಜಾಸ್ತಿ ಖರ್ಚು ಮಾಡಿದರು, ತಂಬಾಕು, ಹೊರಗಿನ ಚಹಾ ತಿಂಡಿಯ ಖರ್ಚು ಕಡಿಮೆ ಮಾಡಿದರು. ಮೊದಲೇ ಅಂಗಡಿ ಇದ್ದವರು ಅದನ್ನು ದೊಡ್ಡದು ಮಾಡಿದರು. ಸಾಲ ನಿಂತಾಗ ಏನಾಗುತ್ತದೆ ಅನ್ನುವುದನ್ನೂ ನೋಡಿದ್ದಾರೆ. 2010ರಲ್ಲಿ ಆಂಧ್ರ ಸರಕಾರ ಸುಗ್ರೀವಾಜ್ಞೆ ತಂದು ಈ ಕಂಪನಿಗಳನ್ನು ಕಟ್ಟಿಹಾಕಿತು. ಅಲ್ಲಿ ನಷ್ಟ ತಿಂದ ಕಂಪನಿಗಳು ಬೇರೆ ರಾಜ್ಯಗಳಲ್ಲೂ ಕೈ ಬಿಗಿ ಹಿಡಿದವು. ಅರ್ಥಶಾಸ್ತ್ರಜ್ಞೆಯರಾದ ಎಮಿಲಿ ಬ್ರೆಜಾ ಮತ್ತು ಸಿಂಥಿಯಾ ಕಿನ್ನನ್ ಹೀಗೆ ಸಾಲ ಕಡಿಮೆಯಾದ ಜಿಲ್ಲೆಗಳ ಲೆಕ್ಕ ತೆಗೆದಾಗ ದಿನಗೂಲಿ ಇಳಿದದ್ದು ಕಂಡಿತು. ಸಾಲವನ್ನೇ ತೆಗೆಯದ ಕೂಲಿಯವನಿಗೂ ಪೆಟ್ಟು ಬಿತ್ತು ಅಂತಾಯಿತಲ್ಲ.

ತಪ್ಪುಗಳು ಆಗಿವೆ, ಅದಕ್ಕೆ ನಿಯಮಗಳೂ ಬಂದಿವೆ. 2022ರಿಂದ ರಿಸರ್ವ್ ಬ್ಯಾಂಕಿನ ಪ್ರಕಾರ ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಮನೆಗೆ ಕೊಡುವ ಈ ಸಾಲಕ್ಕೆ ಅಡವು ಕೇಳುವಂತಿಲ್ಲ. ಬೇಗ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ಓಣಿಯ ಬಡ್ಡಿ ವ್ಯಾಪಾರಿ ಇಂಥ ಒಂದಾದರೂ ನಿಯಮ ಪಾಲಿಸುತ್ತಾನೆಯೇ?

ವಿರೋಧ: ಸಾಲ ತೀರುತ್ತದೆ, ಬಡತನ ತೀರುವುದಿಲ್ಲ

ಮೇಲಿನ 1,500 ಮತ್ತು 1,586ರ ಲೆಕ್ಕ ಸರಿಯಾಗಿದೆ. ಅದರ ಬಗ್ಗೆ ತಕರಾರಿಲ್ಲ. ಬಡ್ಡಿ ವ್ಯಾಪಾರಿಗಿಂತ ಕಂಪನಿ ಸೋವಿ. ಆದರೆ ಸೋವಿ ಸಾಲ ಕೊಡುತ್ತೇವೆ ಅಂತಷ್ಟೇ ಹೇಳಿ ಯಾರೂ ನೊಬೆಲ್ ತೆಗೆದುಕೊಂಡಿಲ್ಲ. ಬಡತನವನ್ನು ಮುಂದೊಂದು ದಿನ ಮ್ಯೂಸಿಯಂನಲ್ಲಿ ಮಾತ್ರ ನೋಡುವಂತಾಗುತ್ತದೆ ಅಂತ ಯೂನುಸ್ ಹೇಳುತ್ತಿದ್ದರು. ನಾವು ಅಳೆಯಬೇಕಾದದ್ದು ಆ ಮಾತನ್ನು.

ಅಳೆದವರಿದ್ದಾರೆ. ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ, ನಮ್ಮ ಮುಂಬೈಯಲ್ಲೇ ಹುಟ್ಟಿದವರು, ಎಸ್ತರ್ ಡುಫ್ಲೋ ಮತ್ತು ಸಂಗಡಿಗರ ಜೊತೆ ಹೈದರಾಬಾದಿನ 104 ಕೊಳೆಗೇರಿಗಳನ್ನು ಆರಿಸಿಕೊಂಡರು. ಚೀಟಿ ಎತ್ತಿದ ಹಾಗೆ 52ರಲ್ಲಿ ಒಂದು ಕಂಪನಿ ಸಾಲ ಶುರು ಮಾಡಿತು, ಉಳಿದ 52ರಲ್ಲಿ ಆಗ ಮಾಡಲಿಲ್ಲ. ಒಂದೂವರೆ ವರ್ಷದ ನಂತರ ಹೋಗಿ ನೋಡಿದರೆ ಮನೆಯ ಒಟ್ಟು ಖರ್ಚು ಹೆಚ್ಚಿರಲಿಲ್ಲ. ಮಕ್ಕಳ ಓದು, ಆರೋಗ್ಯ, ಹೆಂಗಸಿನ ಮಾತಿಗೆ ಮನೆಯಲ್ಲಿ ಇರುವ ಬೆಲೆ, ಯಾವುದರಲ್ಲೂ ಹೇಳಿಕೊಳ್ಳುವ ಬದಲಾವಣೆ ಇಲ್ಲ. ಪರ ಪಕ್ಷದವರು ಹೊಲಿಗೆ ಯಂತ್ರ, ಚಹಾ ಖರ್ಚು ಅಂತ ಹೇಳಿದರು, ಈ ಭಾಗ ಬಿಟ್ಟರು. ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೋ, ಮಂಗೋಲಿಯಾ, ಮೊರಾಕೋಗಳಲ್ಲೂ ಇಂಥದೇ ಅಧ್ಯಯನಗಳು ನಡೆದವು. ಹೈದರಾಬಾದಿನದೂ ಸೇರಿ ಆರೂ 2015ರಲ್ಲಿ ಒಟ್ಟಿಗೇ ಪ್ರಕಟವಾದವು. ಎಲ್ಲೂ ದೊಡ್ಡ ಅನಾಹುತ ಕಾಣಲಿಲ್ಲ, ಎಲ್ಲೂ ಬಡತನ ಕಳೆದದ್ದೂ ಕಾಣಲಿಲ್ಲ.

ಯಾಕೆ ಹೀಗೆ? ಓಣಿಗೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಒಂದು ವಸ್ತಿಯಲ್ಲಿ ನಾಲ್ಕು ಇಡ್ಲಿ ಗಾಡಿ ಇವೆ. ಸಾಲ ಬಂತು, ಎಂಟಾದವು. ಇಡ್ಲಿ ತಿನ್ನುವವರು ಅಷ್ಟೇ ಇದ್ದಾರೆ, ಅವರ ಜೇಬಿನ ಹಣವೂ ಅಷ್ಟೇ. ಮೊದಲಿನ ನಾಲ್ಕು ಗಾಡಿಯ ಲಾಭವನ್ನು ಈಗ ಎಂಟು ಜನ ಹಂಚಿಕೊಳ್ಳುತ್ತಾರೆ, ಅದರಲ್ಲಿ ಕಂತೂ ಕಟ್ಟುತ್ತಾರೆ. ವ್ಯಾಪಾರ ಬೆಳೆಯಬೇಕಾದರೆ ಕೊಳ್ಳುವವನ ಕೈಯಲ್ಲಿ ಹಣ ಬೇಕು. ಅದು ಕೂಲಿಯಿಂದ, ಪಗಾರದಿಂದ ಬರಬೇಕು.

ಪ್ರೇಮಾತಾಯಿಯ ಉದಾಹರಣೆ ಕೊಟ್ಟದ್ದು ಒಳ್ಳೆಯದಾಯಿತು. ಆ ಕಥೆಯನ್ನು 1975ಕ್ಕೇ ನಿಲ್ಲಿಸಿದ್ದು ಮಾತ್ರ ಸರಿಯಲ್ಲ. ಖಾನಾವಳಿಯ ಹೆಂಗಸರು ಬ್ಯಾಂಕಿನ ಸಾಲವನ್ನು ಸರಿಯಾಗಿ ಕಟ್ಟಿದರು, ಬಡ್ಡಿಯವರಿಂದ ಬಿಡಿಸಿಕೊಂಡರು. ಎಲ್ಲ ನಿಜ. ಅದು ಸಾಧ್ಯವಾದದ್ದು ಹೇಗೆ? ಅವರ ಊಟದ ಗಿರಾಕಿಗೆ ಪ್ರತಿ ತಿಂಗಳು ಪಗಾರ ಆಗುತ್ತಿತ್ತು. ಗಿರಣಿ ಕಾರ್ಮಿಕರು ದಶಕಗಳ ಹೋರಾಟದಿಂದ ಪಡೆದ ಪಗಾರ ಅದು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರವನ್ನು ಹಿಂತೆಗೆದುಕೊಂಡದ್ದಾಗಿ ಯಾರೂ ಇವತ್ತಿನವರೆಗೆ ಘೋಷಿಸಿಲ್ಲ. ಪಗಾರ ನಿಂತಿತು. ಎಷ್ಟೋ ಕಾರ್ಮಿಕರು ಕೊಂಕಣಕ್ಕೆ, ಘಟ್ಟಕ್ಕೆ ವಾಪಸು ಹೋದರು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಖಾನಾವಳಿಯಲ್ಲಿ ಅದೇ ಹೆಂಗಸು, ಅದೇ ಕೈರುಚಿ, ಬ್ಯಾಂಕಿನಲ್ಲಿ ಅದೇ ಒಳ್ಳೆಯ ಹೆಸರು. ಉಣ್ಣುವವನೇ ಇಲ್ಲ. ಆಗ ಆಕೆಗೆ ಇನ್ನೊಂದು ಐದು ಸಾವಿರ ಸಾಲ ಕೊಟ್ಟಿದ್ದರೆ ಏನಾಗುತ್ತಿತ್ತು? ಲೋವರ್ ಪರೇಲ್‌ನಲ್ಲಿ ಗಿರಣಿ ಇದ್ದ ಜಾಗದಲ್ಲಿ ಈಗ ಮಾಲ್‌ಗಳು, ಗಾಜಿನ ಆಫೀಸುಗಳು ಎದ್ದಿವೆ. ಅಲ್ಲಿನ ಹುಡುಗರು ಊಟವನ್ನು ಫೋನಿನಲ್ಲಿ ತರಿಸುತ್ತಾರೆ.

ಹಾಗೆಯೇ ತಲ್ಮಕಿಯವರ ಸಂಘ. ಅದರ ಸದಸ್ಯರು ಯಾರು? ಆಫೀಸುಗಳಲ್ಲಿ ಗುಮಾಸ್ತಿಕೆ ಮಾಡುತ್ತಿದ್ದವರು, ಶಾಲೆ ಕಲಿತವರು, ತಿಂಗಳ ಸಂಬಳದವರು. ಸಾಲ ತೆಗೆಯುವವನೇ ಸಂಘದ ಪಾಲುದಾರ. ಬಂದ ಲಾಭ ಅವನದೇ ಸಂಘಕ್ಕೆ ಬರುತ್ತಿತ್ತು. ಅದನ್ನೂ ಇವತ್ತಿನ ಕಂಪನಿಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಎಷ್ಟು ಸರಿ? 2010ರ ಆಗಸ್ಟಿನಲ್ಲಿ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ನಮ್ಮ ದಲಾಲ್ ಸ್ಟ್ರೀಟಿನಲ್ಲಿ ಶೇರು ಬಿಟ್ಟು ಒಂದೂವರೆ ಸಾವಿರ ಕೋಟಿಗೂ ಜಾಸ್ತಿ ಎತ್ತಿತು. ಶೇರುದಾರನಿಗೆ ವರ್ಷ ವರ್ಷ ಬೆಳವಣಿಗೆ ತೋರಿಸಬೇಕು. ಅಂದರೆ ಹೊಸ ಹೊಸ ಮನೆಗೆ ಸಾಲ ಹೋಗಬೇಕು, ಇಲ್ಲವೇ ಇದ್ದ ಮನೆಗೇ ಜಾಸ್ತಿ ಹೋಗಬೇಕು. ಶೇರು ಬಿಟ್ಟ ಎರಡು ತಿಂಗಳಿಗೆ ಆಂಧ್ರದಲ್ಲಿ ಎಲ್ಲ ಕುಸಿಯಿತು. ಒಂದೊಂದು ಮನೆಯಲ್ಲಿ ಮೂರು ನಾಲ್ಕು ಕಂಪನಿಯ ಸಾಲ, ಒಂದನ್ನು ತೀರಿಸಲು ಇನ್ನೊಂದು, ವಸೂಲಿಯ ಕಿರುಕುಳ, ಆತ್ಮಹತ್ಯೆಯ ಸುದ್ದಿಗಳು. ಸುಗ್ರೀವಾಜ್ಞೆ ಸುಮ್ನೆ ಬರಲಿಲ್ಲ.

ಹದಿನೈದು ವರ್ಷ ಕಳೆದರೂ ಪಾಠ ಕಲಿತ ಹಾಗೆ ಕಾಣುವುದಿಲ್ಲ. 2025ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟು ವಸೂಲಿ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಊರುಗಳಲ್ಲಿ ಜನ ಮನೆಗೆ ಬೀಗ ಹಾಕಿ ಹೋಗುತ್ತಿದ್ದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿದ್ದ ಕಾಲ ಅದು. ಆ ಬೀಗ ಹಾಕಿದವರಲ್ಲಿ ಕೆಲವರು ಮುಂಬೈ, ಪುಣೆ, ಗೋವಾದ ಬಸ್ಸು ಹತ್ತಿದರು.

ವಸೂಲಿಗೆ ಗೂಂಡಾ ಬೇಕಾಗಿಲ್ಲ, ಗುಂಪೇ ಸಾಕು. ಕಲ್ಯಾಣ ಕಡೆಯ ವಸ್ತಿಯಲ್ಲಿ ನಮ್ಮ ಉತ್ತರ ಕರ್ನಾಟಕದ ಹೆಂಗಸರು ಮೀಟಿಂಗಿಗೆ ಕೂತಿರುತ್ತಾರೆ. ಒಬ್ಬಳ ಕಂತು ಬಂದಿರುವುದಿಲ್ಲ. "ಏನವ್ವಾ, ನಿನ್ನ ಸಲುವಾಗಿ ನಾವೆಲ್ಲಾ ಎಷ್ಟೊತ್ತು ಕೂಡೂದು? ನನ್ನ ಕೆಲಸದ ಮನಿಗೆ ತಡ ಆತು." "ನಾಳೆ ಪಗಾರ ಆಗ್ತದ ಅಕ್ಕಾ, ನಾಳೆ ಕೊಡ್ತೀನಿ." ಆದರೆ ಕಂಪನಿಯ ಹುಡುಗನಿಗೆ ಇವತ್ತೇ ಬೇಕು. ಅವನ ಮೇಲೆ ಅವನ ಮ್ಯಾನೇಜರ್ ಇದ್ದಾನೆ. ಕೊನೆಗೆ ಯಾರದೋ ಮೂಗುತಿ ಗಿರವಿ ಅಂಗಡಿಗೆ ಹೋಗುತ್ತದೆ, ಅಥವಾ ಅದೇ ಹಳೆಯ ಬಡ್ಡಿ ವ್ಯಾಪಾರಿಯ ಹತ್ತಿರ ಎರಡು ದಿನದ ಮಟ್ಟಿಗೆ ಹಣ ಬರುತ್ತದೆ. ಕಂಪನಿಯ ಪುಸ್ತಕದಲ್ಲಿ ಮರುಪಾವತಿ ನೂರಕ್ಕೆ ನೂರು ಅಂತ ದಾಖಲಾಗುತ್ತದೆ. ಸಾಲ ಸರಿಯಾಗಿ ವಾಪಸು ಬರುತ್ತಿದೆ, ಅಂದರೆ ವ್ಯಾಪಾರ ಚೆನ್ನಾಗಿದೆ ಅಂತ ತಿಳಿಯುವವರು ಈ ಎರಡು ದಿನದ ಕೈಗಡವನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕಂತಿನ ಕ್ರಮದಲ್ಲೇ ಒಂದು ದೋಷ ಇದೆ. ಸಾಲ ಕೈಗೆ ಬಂದು ಒಂದೆರಡು ವಾರಕ್ಕೆ ಕಂತು ಶುರು. ಎಮ್ಮೆ ತಂದರೆ, ಹೊಲಿಗೆ ಅಂಗಡಿ ಇಟ್ಟರೆ, ಅಷ್ಟರಲ್ಲಿ ಏನು ಬರುತ್ತದೆ? ಅದಕ್ಕೇ ಜನ ಇವತ್ತು ಕೊಂಡು ನಾಳೆ ಮಾರುವ ಕೆಲಸಕ್ಕಷ್ಟೇ ಹಣ ಹಾಕುತ್ತಾರೆ, ಅಥವಾ ಸಾಲದಲ್ಲೇ ಒಂದಿಷ್ಟು ತೆಗೆದಿಟ್ಟು ಮೊದಲ ಕಂತುಗಳನ್ನು ಕಟ್ಟುತ್ತಾರೆ. ಕೋಲ್ಕತ್ತದಲ್ಲಿ ಕೆಲವು ಹೆಂಗಸರಿಗೆ ಮೊದಲ ಎರಡು ತಿಂಗಳು ಕಂತಿನಿಂದ ಬಿಡುವು ಕೊಟ್ಟು ನೋಡಿದರು. ಅವರ ವ್ಯಾಪಾರ ಬೆಳೆಯಿತು, ಮೂರು ವರ್ಷದ ನಂತರವೂ ಲಾಭ ಉಳಿದವರಿಗಿಂತ ಹೆಚ್ಚಿತ್ತು. ಆದರೆ ಕಂತು ತಪ್ಪಿಸಿದವರೂ ಜಾಸ್ತಿಯಾದರು. ಬಡವರಿಗೆ ಅನುಕೂಲವಾದದ್ದು ಕಂಪನಿಗೆ ಅನುಕೂಲವಾಗಲಿಲ್ಲ. ಎರಡರಲ್ಲಿ ಯಾವುದು ನಿಯಮವಾಗಿ ಉಳಿಯಿತು ಅಂತ ಬೇರೆ ಹೇಳಬೇಕಾಗಿಲ್ಲ.

ಇನ್ನು ರಿಸರ್ವ್ ಬ್ಯಾಂಕಿನ ನಿಯಮ. 2022ರ ಅದೇ ಆದೇಶದಲ್ಲಿ ಬಡ್ಡಿಗೆ ಇದ್ದ ಮಿತಿಯನ್ನು ತೆಗೆದುಹಾಕಿದ್ದನ್ನು ಪರ ಪಕ್ಷದವರು ಹೇಳಲಿಲ್ಲ. ಇನ್ನೊಂದು ಸಾಲು ಓದಿ: ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ರಕ್ಷಣೆಗೆ ಅಂತ ಮಾಡಿದ ಮಿತಿ. ವರ್ಷಕ್ಕೆ 3 ಲಕ್ಷ ಅಂದರೆ ತಿಂಗಳಿಗೆ 25,000. ಅದರಲ್ಲಿ 12,500 ಕಂತಿಗೆ ಹೋಗಬಹುದು ಅಂತ ನಿಯಮ ಹೇಳುತ್ತದೆ. ಮುಂಬ್ರಾದಲ್ಲೋ ನಾಲಾಸೋಪಾರಾದಲ್ಲೋ ಒಂದು ಖೋಲಿಯ ಬಾಡಿಗೆ ಕೊಟ್ಟು, ರೈಲು ಪಾಸು ತೆಗೆದು, ಐದು ಜನ ಉಣ್ಣಬೇಕು. ಮಿತಿ ಬರೆದವರು ಒಂದು ತಿಂಗಳು ಅಲ್ಲಿ ಸಂಸಾರ ಮಾಡಿ ನೋಡಲಿ.

ಸರಕಾರದ ಸಾಲವೂ ಅಷ್ಟೇ. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಯೋಜನೆ ಬಂತು. ಮೊದಲು 10,000, ತೀರಿಸಿದರೆ 20,000, ಆಮೇಲೆ 50,000. ಈಗ ಮೊದಲನೆಯದು 15,000, ಎರಡನೆಯದು 25,000. ಬಡ್ಡಿಯಲ್ಲಿ ನೂರಕ್ಕೆ 7ರಷ್ಟು ಸರಕಾರದ್ದು. ಕೆಟ್ಟ ಯೋಜನೆಯೇನಲ್ಲ. ಆದರೆ ಬೀದಿ ವ್ಯಾಪಾರಿಗಳ ಕಾಯ್ದೆ 2014ರಲ್ಲಿ ಬಂದಿದ್ದರೂ ಮುಂಬೈಯ ಹೆಚ್ಚಿನ ಫೇರಿವಾಲಾಗಳಿಗೆ ಇಂದಿಗೂ ಕೂರುವ ಜಾಗದ ಹಕ್ಕು ಇಲ್ಲ. ಮುನ್ಸಿಪಾಲ್ಟಿ ಲಾರಿ ಬಂದರೆ ತಟ್ಟೆ, ತಕ್ಕಡಿ, ಮಾಲು ಎಲ್ಲ ಹೋಗುತ್ತದೆ. ಬಿಡಿಸಿಕೊಳ್ಳಲು ದಂಡ. ಬ್ಯಾಂಕಿಗೆ ಕಂತು. ಒಂದೇ ಸರಕಾರ ಒಂದು ಕೈಯಿಂದ ಬಂಡವಾಳ ಕೊಟ್ಟು ಇನ್ನೊಂದರಿಂದ ಗಾಡಿ ಎತ್ತಿಕೊಂಡು ಹೋಗುತ್ತದೆ. ಆ ವ್ಯಾಪಾರಿಗೆ ಸಾಲಕ್ಕಿಂತ ಮೊದಲು ನಾಲ್ಕಡಿ ಜಾಗದ ಪತ್ರ ಬೇಕಿತ್ತು, ಅಲ್ವಾ?

ನನಗೆ ಎಲ್ಲಕ್ಕಿಂತ ಜಾಸ್ತಿ ಕಿರಿಕಿರಿ ಮಾಡುವುದು ಬಡವರೆಲ್ಲ ಹುಟ್ಟು ವ್ಯಾಪಾರಿಗಳು ಅನ್ನುವ ಹೊಗಳಿಕೆ. ಶ್ರೀಮಂತರ ಮಕ್ಕಳಲ್ಲಿ ನೂರಕ್ಕೆ ಎಷ್ಟು ಜನ ಸ್ವಂತ ವ್ಯಾಪಾರಕ್ಕೆ ಇಳಿಯುತ್ತಾರೆ? ಹೆಚ್ಚಿನವರು ನೌಕರಿಗೆ ಹೋಗುತ್ತಾರೆ, ಬುದ್ಧಿವಂತಿಕೆಯ ಕೆಲಸವೇ ಅದು. ಕರಾವಳಿಯಿಂದ ಬಂದ ಹೋಟೆಲ್ ಹುಡುಗರೂ ಹಾಗೆಯೇ ಮೇಲೆ ಬಂದದ್ದು. ಹಗಲು ಟೇಬಲ್ ಒರೆಸಿದರು, ರಾತ್ರಿ ಮುಂಬೈಯ ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಮೆಟ್ರಿಕ್ ಮಾಡಿದರು. ಊಟ, ಮಲಗಲು ಜಾಗ ಧಣಿಯದು. ಕೈಗೆ ಬಂದ ಸಂಬಳ ಉಳಿಯಿತು. ಎಷ್ಟೋ ಮಂದಿ ಬ್ಯಾಂಕಿನ ಗುಮಾಸ್ತರಾದರು, ವಕೀಲರಾದರು. ಹೋಟೆಲಿನ ಮಾಲಕರಾದವರಿಗೂ ಸಾಲ ಬಂದದ್ದು ಕೊನೆಗೆ, ಕೈಕೆಲಸ, ಉಳಿತಾಯ, ಪಾಲುದಾರ ಎಲ್ಲ ಸಿದ್ಧವಾದ ಮೇಲೆ.

ತೀರಾ ಬಡವರಿಗೆ ಏನು ಕೊಟ್ಟರೆ ಪ್ರಯೋಜನ ಅನ್ನುವುದನ್ನೂ ಪರೀಕ್ಷಿಸಿದ್ದಾರೆ. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಸಾಲದಿಂದ ಇವರಿಗೆ ಉಪಯೋಗವಿಲ್ಲ ಅಂತ ಕಂಡುಕೊಂಡು 2002ರಲ್ಲಿ ದಾರಿ ಬದಲಿಸಿತು. ಹಸುವೋ ಮೇಕೆಯೋ ಪುಕ್ಕಟೆ, ಕೆಲವು ತಿಂಗಳು ಊಟಕ್ಕೆ ಹಣ, ಸಾಕುವುದು ಹೇಗೆ ಅಂತ ತರಬೇತಿ, ವಾರಕ್ಕೊಮ್ಮೆ ಮನೆಗೆ ಬಂದು ವಿಚಾರಿಸುವ ಒಬ್ಬರು. ಇದನ್ನು ಆರು ದೇಶಗಳಲ್ಲಿ ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಕೊಟ್ಟರು. ಸಾಲದ ಅಧ್ಯಯನಗಳಲ್ಲಿ ಕಾಣದ ಬದಲಾವಣೆ ಇಲ್ಲಿ ಕಂಡಿತು: ಊಟ ಹೆಚ್ಚಿತು, ಆಸ್ತಿ ಹೆಚ್ಚಿತು. ಪಶ್ಚಿಮ ಬಂಗಾಳದಲ್ಲಿ ಹತ್ತು ವರ್ಷದ ನಂತರವೂ ಅದು ಉಳಿದಿತ್ತು. ಬಂಗಾಳದಲ್ಲಿ ಇದನ್ನು ನಡೆಸಿದ ಬಂಧನ್ ಸ್ವತಃ ಸಾಲದ ಸಂಸ್ಥೆ, 2015ರಲ್ಲಿ ಬ್ಯಾಂಕೂ ಆಯಿತು. ಸಾಲ ಯಾರಿಗೆ ತಾಳುವುದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಹಾರಾಷ್ಟ್ರ ಇನ್ನೂ ಮೊದಲೇ ಬೇರೆ ದಾರಿ ತೋರಿಸಿತ್ತು. 1972ರ ಬರಗಾಲದಲ್ಲಿ ಇಲ್ಲಿ ಉದ್ಯೋಗ ಖಾತ್ರಿ ಯೋಜನೆ ಜೋರಾಗಿ ನಡೆಯಿತು. ಕೆಲಸ ಕೇಳಿದವರಿಗೆ ಕೆಲಸ, ಕೈಗೆ ಕೂಲಿ. 1977ರಲ್ಲಿ ಅದಕ್ಕೆ ಕಾಯ್ದೆ ಬಂತು, 2005ರಲ್ಲಿ ದೇಶವೇ ಅದನ್ನು ಅನುಸರಿಸಿತು. ಅದರಲ್ಲಿ ದೋಷಗಳಿರಬಹುದು, ಆದರೆ ಅದರ ಫಲಾನುಭವಿಯ ಮನೆಗೆ ಯಾರೂ ವಸೂಲಿಗೆ ಹೋಗಲಿಲ್ಲ.

ನಾಕಾದಲ್ಲಿ ನಿಲ್ಲುವ ನಮ್ಮ ಜನಕ್ಕೂ ಹೀಗೆ ಬರಬೇಕಾದದ್ದು ಇದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಜೊತೆಗೇ ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ ಒಂದರಷ್ಟು ಸೆಸ್ (ಮೇಲ್ತೆರಿಗೆ) ಬಂತು. ಮಕ್ಕಳ ಓದು, ಹೆರಿಗೆ, ಆಸ್ಪತ್ರೆ, ಪೆನ್ಷನ್‌ಗೆ ಅಂತ ಕಲ್ಯಾಣ ಮಂಡಳಿಯಲ್ಲಿ ಆ ಹಣ ಸೇರುತ್ತದೆ. ಜನ ಸಂಘದ ಸಾಲ ತೆಗೆಯುವುದೂ ಹೆಚ್ಚಾಗಿ ಇವೇ ಖರ್ಚುಗಳಿಗೆ. ಆದರೆ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ಪತ್ರ ಬೇಕು. ದಿನಕ್ಕೊಬ್ಬ ಗುತ್ತಿಗೆದಾರನ ಕೈಯಲ್ಲಿ ದುಡಿಯುವವನು ಆ ಪತ್ರ ಯಾರ ಹತ್ತಿರ ಕೇಳಬೇಕು? ಇಲ್ಲಿನ ಕನ್ನಡ ಸಂಘಗಳಲ್ಲಿ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಬಿಲ್ಡರುಗಳೂ ಇದ್ದಾರೆ. ರಾಜ್ಯೋತ್ಸವಕ್ಕೆ ಮೊದಲಿನ ಒಂದು ಭಾನುವಾರ ನಾಕಾಗೆ ಹೋಗಿ ಆ ಫಾರ್ಮು ತುಂಬಿಸಿಕೊಡಬಹುದು. ಸಹಿ ಹಾಕುವ ಬಿಲ್ಡರ್ ನಮ್ಮವರೇ ಆಗಿದ್ದರೆ ಇನ್ನೂ ಸುಲಭ.